ಒತ್ತಿದರೆ ಹಿತವೋ, ನೋವೋ?

ಮಗು ಹೊಟ್ಟೆ ನೋವೆಂದು ಅತ್ತರೆ ಮನೆಯ ಹಿರಿಯರು ಮೊದಲು ಕೇಳುವುದು, ಏನು ತಿಂದೆ ಎಂದು. ಆಮೇಲೆ ಅಂಗೈಯನ್ನು ಹೊಟ್ಟೆಯ ಮೇಲಿಟ್ಟು ಮೆಲ್ಲಗೆ ಒತ್ತುತ್ತಾರೆ. ಹೀಗೆ ಹಿಡಿದರೆ ಹಾಯೆನಿಸುತ್ತದೋ, ಇನ್ನೂ ನೋಯುತ್ತದೋ? ಚೀನಾದ ಸಾಂಪ್ರದಾಯಿಕ ವೈದ್ಯರೂ ಇದನ್ನೇ ಕೇಳುತ್ತಾರೆ. ಅವರ ಇಡೀ ಚಿಕಿತ್ಸೆ ಕವಲೊಡೆಯುವುದೇ ಈ ಉತ್ತರದಿಂದ.

ನಾನಿರುವುದು ಪುಣೆಯ ಶಿವಾಜಿನಗರದಲ್ಲಿ. ಚೀನಾ, ವೈದ್ಯ ಎಂಬ ಎರಡು ಮಾತು ಒಟ್ಟಿಗೆ ಬಂದರೆ ಈ ಕಡೆಯವರಿಗೆ ನೆನಪಾಗುವ ಹೆಸರು ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್. ಅವರು ಕನ್ನಡ, ಮರಾಠಿ, ತೆಲುಗು ಮೂರೂ ಕಿವಿಗೆ ಬೀಳುವ ಸೊಲ್ಲಾಪುರದಲ್ಲಿ ಹುಟ್ಟಿದವರು. 1938ರಲ್ಲಿ ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ಒಬ್ಬರಾಗಿ ಯುದ್ಧಭೂಮಿಯಲ್ಲಿ ದುಡಿದು, 1942ರ ಡಿಸೆಂಬರ್ 9ರಂದು ಅಲ್ಲೇ ತೀರಿಕೊಂಡರು. ಆದರೆ ಕೋಟ್ನಿಸರು ಶಸ್ತ್ರವೈದ್ಯರು. ಚೀನಾದ ಸೂಜಿ ಚುಚ್ಚುವ ಚಿಕಿತ್ಸೆ ನಮ್ಮ ದೇಶಕ್ಕೆ ಬಂದದ್ದು ಅವರಿಂದಲ್ಲ. ಅದೇ ತಂಡದಲ್ಲಿದ್ದ ಕಲ್ಕತ್ತೆಯ ಡಾಕ್ಟರ್ ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದರು.

ಇನ್ನು ಹೊಟ್ಟೆಯ ವಿಷಯಕ್ಕೆ ಬರೋಣ. ಚೀನೀ ಭಾಷೆಯಲ್ಲಿ ಒಂದು ಸೊಗಸಾದ ಶಬ್ದದಾಟವಿದೆ. ದನಿಯನ್ನು ಮೇಲೆಯೇ ಹಿಡಿದು 'ಥೊಂಗ್' ಅಂದರೆ ತಡೆಯಿಲ್ಲದೆ ಸಾಗುವುದು. ದನಿಯನ್ನು ಥಟ್ಟನೆ ಇಳಿಸಿ 'ಥೊಂಗ್' ಅಂದರೆ ನೋವು. ಸಾಗುವುದು ನಿಂತರೆ ನೋವು, ಸಾಗಿದರೆ ನೋವಿಲ್ಲ ಎಂಬುದು ಅವರ ವೈದ್ಯದ ಮೂಲಮಾತು. ಸಾಗಬೇಕಾದದ್ದು 'ಚೀ' ಮತ್ತು ರಕ್ತ. ಚೀ ಎಂದರೆ ಉಸಿರು, ಕಸುವು, ಚಲನೆ ಎಲ್ಲ ಸೇರಿದ ಒಂದು ಕಲ್ಪನೆ. ಹೊಟ್ಟೆಯಲ್ಲಿ ಗಾಳಿ ಕಟ್ಟಿಕೊಂಡಿದೆ, ವಾಯು ಹಿಡಿದಿದೆ ಎಂದು ನಾವು ಅನ್ನುವಾಗ ಹೆಚ್ಚು ಕಡಿಮೆ ಅದರ ಹತ್ತಿರವೇ ಇರುತ್ತೇವೆ.

ಏಕೆ ನಿಲ್ಲುತ್ತದೆ? ಎರಡು ಸಾವಿರ ವರ್ಷಗಳಷ್ಟು ಹಳೆಯ ಅವರ ಆಕರಗ್ರಂಥ 'ಹುವಾಂಗ್ದಿ ನೇಜಿಂಗ್' ಮುಖ್ಯವಾಗಿ ದೂರುವುದು ಚಳಿಯನ್ನು. ಥಂಡಿ ಹೊಕ್ಕರೆ ನಾಳಗಳು ಮುದುಡುತ್ತವೆ, ಬಿಸಿ ಕೊಟ್ಟರೆ ಸಡಿಲಾಗುತ್ತವೆ ಎಂಬ ವಿವರಣೆ ಅದರಲ್ಲಿದೆ. ಮಳೆಯಲ್ಲಿ ನೆನೆದು ಬಂದು ತಣ್ಣಗಿನದ್ದು ಕುಡಿದವನ ಹೊಟ್ಟೆ ಹಿಂಡುವುದು ಈ ಬಗೆ. ಮದುವೆಮನೆಯಲ್ಲಿ ಮೂರು ಸಲ ಹೋಳಿಗೆ ಹಾಕಿಸಿಕೊಂಡವನದು ಬೇರೆ ಬಗೆ. ಹುಳಿತೇಗು, ಉಬ್ಬರ, ಮುಟ್ಟಿದರೆ ನೋವು. ಮೇಲಧಿಕಾರಿ ಗದರಿದ ಕೂಡಲೇ ಹೊಟ್ಟೆ ನುಲಿದು ಕಕ್ಕಸಿಗೆ ಓಡುವವರದನ್ನು ಅವರು ಯಕೃತ್ತಿನ ಲೆಕ್ಕಕ್ಕೆ ಹಾಕುತ್ತಾರೆ. ನುಂಗಿಕೊಂಡ ಸಿಟ್ಟು ಯಕೃತ್ತಿನ ಚೀಯನ್ನು ಕಟ್ಟಿಹಾಕುತ್ತದೆ, ಅದು ಗುಲ್ಮದ ಮೇಲೆ ಏರಿಹೋಗುತ್ತದೆ ಎನ್ನುತ್ತಾರೆ. ಇಲ್ಲಿ ಎಚ್ಚರ ಬೇಕು. ಅವರ ಗುಲ್ಮ ನಮ್ಮ ಸ್ಕ್ಯಾನಿಂಗ್ ವರದಿಯ ಗುಲ್ಮವಲ್ಲ. ಉಂಡದ್ದನ್ನು ಅರಗಿಸಿ ಮೈಗೆ ಹತ್ತಿಸುವ ಇಡೀ ಕೆಲಸಕ್ಕೆ ಅವರಿಟ್ಟ ಹೆಸರು ಅದು.

ಕೊನೆಯದು ಬಲಗುಂದಿದ ಹೊಟ್ಟೆ. ನೋವು ಮಂದವಾಗಿ ಬಂದು ಹೋಗುತ್ತದೆ, ಉಂಡರೆ ತುಸು ಕಡಿಮೆ, ಬಿಸಿನೀರಿನ ಚೀಲ ಇಟ್ಟರೆ ಹಿತ, ಒತ್ತಿ ಹಿಡಿದರೆ ಇನ್ನೂ ಹಿತ. ಒತ್ತಿದರೆ ಹಿತವಾದದ್ದು ಕೊರತೆಯ ನೋವು, ಕೈ ತಾಗಿದರೇ ಬೇಡವೆನಿಸುವುದು ತುಂಬಿ ತಡೆದ ನೋವು. ಮೊದಲನೆಯದಕ್ಕೆ ತುಂಬಬೇಕು, ಎರಡನೆಯದಕ್ಕೆ ಇಳಿಸಬೇಕು. ಇದನ್ನು ಖಚಿತಪಡಿಸಿಕೊಳ್ಳಲು ನಾಲಿಗೆಯ ಬಣ್ಣ, ಅದರ ಮೇಲಿನ ಲೇಪ ನೋಡುತ್ತಾರೆ. ಎರಡೂ ಮಣಿಕಟ್ಟಿನಲ್ಲಿ ಮೂರು ಬೆರಳಿಟ್ಟು ನಾಡಿ ಹಿಡಿಯುತ್ತಾರೆ. ಹಾಗಾಗಿ ಹೊಟ್ಟೆ ನೋವೆಂದು ಬಂದ ಇಬ್ಬರಿಗೆ ಎರಡು ಬೇರೆ ಔಷಧ ಸಿಗುವುದು ಅಲ್ಲಿ ಸಹಜ.

ಚಿಕಿತ್ಸೆಯಲ್ಲಿ ಸೂಜಿಗೇ ಹೆಚ್ಚು ಹೆಸರು. ವಿಚಿತ್ರವೆಂದರೆ, ಹೊಟ್ಟೆ ನೋವಿನ ಮುಖ್ಯ ಬಿಂದು ಇರುವುದು ಹೊಟ್ಟೆಯಲ್ಲಲ್ಲ, ಕಾಲಿನಲ್ಲಿ. ಮೊಣಕಾಲ ಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ, ಮುಂಗಾಲ ಮೂಳೆಯಿಂದ ಒಂದು ಬೆರಳು ಹೊರಗೆ, ಹೆಸರು 'ಝುಸಾನ್ಲಿ'. ಹೊಕ್ಕುಳಿಗೆ ಮಾತ್ರ ಸೂಜಿ ನಿಷಿದ್ಧ. ಅಲ್ಲಿ ಉಪ್ಪು ತುಂಬಿ, ಮೇಲೆ ಶುಂಠಿಯ ಬಿಲ್ಲೆಯಿಟ್ಟು, ಅದರ ಮೇಲೆ ಒಣ ಸೊಪ್ಪಿನ ಉಂಡೆ ಹೊತ್ತಿಸಿ ಕಾವು ಕೊಡುತ್ತಾರೆ. ಆ ಸೊಪ್ಪು ಗಣಪತಿಗೆ ಏರಿಸುವ ಇಪ್ಪತ್ತೊಂದು ಪತ್ರೆಗಳಲ್ಲಿ ಒಂದಾದ ನಮ್ಮ ಮಾಚಿಪತ್ರೆಯ ಹತ್ತಿರದ ಬಂಧು. ಚರ್ಮ ಸುಡಬಾರದು, ಬೆಚ್ಚಗಾಗಬೇಕು ಅಷ್ಟೆ. ಕೂಸಿನ ಹೊಟ್ಟೆಗೆ ಬರೆ ಹಾಕುವ ನಮ್ಮಲ್ಲಿನ ಕ್ರೂರ ಪದ್ಧತಿಗೂ ಇದಕ್ಕೂ ಸಂಬಂಧ ಕಲ್ಪಿಸಬೇಡಿ.

ಕಷಾಯಗಳ ವಿಷಯಕ್ಕೆ ಬಂದರೆ ಅರ್ಧ ಅಂಗಡಿ ನಮ್ಮ ಅಡುಗೆಮನೆಯದೇ. ಸುಮಾರು 1800 ವರ್ಷಗಳ ಹಿಂದಿನ ವೈದ್ಯ ಝಾಂಗ್ ಝೊಂಗ್‌ಜಿಂಗ್ ಬಲಗುಂದಿದ ಹೊಟ್ಟೆಗೆ ಹೇಳಿದ ಒಂದು ಯೋಗದಲ್ಲಿ ದಾಲ್ಚಿನ್ನಿಯ ಎಳೆಕಡ್ಡಿ, ಹಸಿಶುಂಠಿ, ಜ್ಯೇಷ್ಠಮಧು, ಬೋರೆಹಣ್ಣಿನ ಜಾತಿಯ ಒಂದು ಹಣ್ಣು, ಮೊಳಕೆಧಾನ್ಯದ ಸಿಹಿಪಾಕ ಇವೆ. ಪಿಯೊನಿ ಹೂಗಿಡದ ಬೇರೊಂದೇ ನಮಗೆ ಹೊಸತು.

ಈ ಪದ್ಧತಿಯನ್ನು ಅಮೆರಿಕದ ಕಿವಿಗೆ ಹಾಕಿದ್ದೂ ಒಂದು ಹೊಟ್ಟೆ ನೋವೇ. 1971ರ ಜುಲೈ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜೇಮ್ಸ್ ರೆಸ್ಟನ್ ಚೀನಾದಲ್ಲಿದ್ದರು. ಅಮೆರಿಕದ ಅಧ್ಯಕ್ಷರ ಸಲಹೆಗಾರ ಕಿಸ್ಸಿಂಜರ್ ಗುಟ್ಟಾಗಿ ಬಂದುಹೋದ ದೊಡ್ಡ ಸುದ್ದಿ ಕೈತಪ್ಪಿತೆಂದು ತಿಳಿದ ಗಳಿಗೆಯಲ್ಲೇ ತೊಡೆಸಂದಿಯಲ್ಲಿ ಮೊದಲ ಚಳುಕು ಬಂತೆಂದು ಅವರು ನಗೆಯಾಡಿದ್ದಾರೆ. ಅದು ಅಪೆಂಡಿಸೈಟಿಸ್. ಬೀಜಿಂಗಿನ ಆಸ್ಪತ್ರೆಯಲ್ಲಿ ಅಪೆಂಡಿಕ್ಸ್ ತೆಗೆದರು. ಎರಡನೆಯ ರಾತ್ರಿ ಹೊಟ್ಟೆ ಉಬ್ಬರಿಸಿ ಸಂಕಟವಾದಾಗ ಅಲ್ಲಿನ ಅಕ್ಯುಪಂಕ್ಚರ್ ವೈದ್ಯರು ಬಲ ಮೊಣಕೈಗೂ ಮೊಣಕಾಲ ಕೆಳಗೂ ಸೂಜಿ ಚುಚ್ಚಿ ತಿರುವಿದರು, ಸೊಪ್ಪಿನ ಸುರುಳಿ ಹೊತ್ತಿಸಿ ಹೊಟ್ಟೆಯ ಹತ್ತಿರ ಹಿಡಿದರು. ಒಂದು ಗಂಟೆಯೊಳಗೆ ಉಬ್ಬರ ಇಳಿಯಿತೆಂದು ರೆಸ್ಟನ್ ಜುಲೈ 26ರ ಪತ್ರಿಕೆಯಲ್ಲಿ ಬರೆದರು. ಅಮೆರಿಕ ಬೆರಗಾಯಿತು. ಆದರೆ ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತ, ಅರಿವಳಿಕೆಯಿಲ್ಲದೆ ಬರೀ ಸೂಜಿ ಚುಚ್ಚಿ ಆಪರೇಷನ್ ಮಾಡಿದರಂತೆ ಎಂದಾಯಿತು. ಅದು ಸುಳ್ಳು. ಅರಿವಳಿಕೆ ಮಾಮೂಲಿ ಚುಚ್ಚುಮದ್ದಿನದೇ, ಅಪೆಂಡಿಕ್ಸ್ ತೆಗೆದದ್ದು ಚಾಕುವೇ. ಸೂಜಿಗೆ ಬಿಟ್ಟದ್ದು ಆಮೇಲಿನ ಉಬ್ಬರವನ್ನು. ಅದು ತಾನಾಗಿಯೂ ಇಳಿಯುತ್ತಿತ್ತೇನೋ ಎಂದು ಅನುಮಾನಿಸುವವರನ್ನು ತಪ್ಪೆನ್ನಲಾಗದು.

ನನ್ನ ಮಟ್ಟಿಗೆ ಚೀನೀ ವೈದ್ಯರು ಅಲ್ಲಿ ಮಾಡಿಕೊಂಡ ಕೆಲಸದ ಹಂಚಿಕೆಯೇ ಆ ಕಥೆಯಲ್ಲಿ ದೊಡ್ಡದು. ಸೂಜಿಯ ಮೇಲೆ ಮುಂದೆ ನಡೆದ ಪರೀಕ್ಷೆಗಳು ಎರಡೂ ಬಗೆಯ ಉತ್ತರ ಕೊಟ್ಟಿವೆ. ಊಟವಾದ ಮೇಲೆ ಹೊಟ್ಟೆ ಭಾರವಾಗಿ ಕಾಡುವ 278 ಜನರ ಮೇಲೆ ಚೀನಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಿಜ ಸೂಜಿ ಹುಸಿ ಸೂಜಿಗಿಂತ ಹೆಚ್ಚು ಗುಣ ಕೊಟ್ಟಿತು. ಹೊಟ್ಟೆ ನುಲಿದು ಭೇದಿಯೋ, ಮಲಬದ್ಧತೆಯೋ, ಎರಡೂ ಸರದಿಯಲ್ಲೋ ಕಾಡುವ ಐಬಿಎಸ್‌ಗೆ ಮಾತ್ರ, 17 ಪ್ರಯೋಗಗಳನ್ನು ಜಾಲಿಸಿದ ಕೊಕ್ರೇನ್ ಸಂಸ್ಥೆಯ 2012ರ ಪರಿಶೀಲನೆಯಲ್ಲಿ ನಿಜ ಸೂಜಿ, ಹುಸಿ ಸೂಜಿಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಬೇರುನಾರು ಎಂದ ಮಾತ್ರಕ್ಕೆ ನಿರಪಾಯವೂ ಅಲ್ಲ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೆಳ್ಳಗಾಗಲು ಚೀನೀ ಗಿಡಮೂಲಿಕೆಯ ಗುಳಿಗೆ ನುಂಗಿದ ಅನೇಕ ಹೆಂಗಸರ ಮೂತ್ರಪಿಂಡಗಳು ಕೆಟ್ಟುಹೋದವು. ಅದರಲ್ಲಿ ಸೇರಿಕೊಂಡಿದ್ದ ಗಿಡ ನಮ್ಮ ಈಶ್ವರಿ ಬಳ್ಳಿಯ ಕುಲದ್ದು.

ಮಹಾರಾಷ್ಟ್ರದಲ್ಲಿ ಅಕ್ಯುಪಂಕ್ಚರ್‌ಗೆಂದೇ 2015ರ ಕಾಯ್ದೆಯೊಂದಿದೆ. ಕರ್ನಾಟಕದಲ್ಲಿ ಪ್ರಕೃತಿ ಚಿಕಿತ್ಸೆಯ ಪದವಿ ಓದುವವರು ಅದನ್ನೂ ಕಲಿಯುತ್ತಾರೆ. ಸೂಜಿ ಚುಚ್ಚಿಸಿಕೊಳ್ಳುವ ಮೊದಲು ನೋಂದಣಿ ಇದೆಯೇ, ಸೂಜಿ ಹೊಸ ಪೊಟ್ಟಣದ್ದೇ ಎಂದು ಕೇಳಲು ಸಂಕೋಚಪಡಬೇಡಿ. ಹೊಟ್ಟೆ ಹಲಗೆಯಂತೆ ಬಿಗಿದುಕೊಂಡರೆ, ನೋವು ಹೊಕ್ಕುಳ ಸುತ್ತ ಹುಟ್ಟಿ ಬಲಗಡೆ ಕೆಳಕ್ಕೆ ಸರಿದರೆ, ವಾಂತಿಯಲ್ಲೋ ಮಲದಲ್ಲೋ ರಕ್ತ ಕಂಡರೆ, ಬಸುರಿಗೆ ತಡೆಯಲಾರದ ನೋವು ಬಂದರೆ, ವಯಸ್ಸಾದವರಿಗೆ ಮೇಲುಹೊಟ್ಟೆಯ ನೋವಿನ ಜೊತೆ ಬೆವರು ಕಿತ್ತುಬಂದರೆ, ಸೂಜಿಯೂ ಬೇಡ, ಕಷಾಯವೂ ಬೇಡ, ಓಮದ ನೀರೂ ಬೇಡ. 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಹೊರಡಿ.