ಅಂಗಡಿಯ ಕಳವು



ಹುಮನಾಬಾದಿನಲ್ಲಿ ವೀರಭದ್ರೇಶ್ವರನ ಜಾತ್ರೆ ಕೂಡಿದಾಗ ಪೇಟೆಯಲ್ಲಿ ಕಾಲಿಡಲು ಎಡೆಯಿರುವುದಿಲ್ಲ. ಆ ಸಂದಣಿಯಲ್ಲಿ ಬಟ್ಟೆಯಂಗಡಿಗೆ ಬಂದ ಹೆಂಗಸೊಬ್ಬಳ ಸೆರಗಿನ ಮರೆಯಲ್ಲಿ ರವಿಕೆಯ ಕಣವೊಂದು ಕಂಡಿತೆಂದು ಭಾವಿಸೋಣ. ಆಕೆ ಇನ್ನೂ ಹೊಸ್ತಿಲು ದಾಟಿಲ್ಲ. ಇದು ಕಳವಾಯಿತೆ?

ಹೊಸ್ತಿಲು ದಾಟುವವರೆಗೆ ಕಳವಿಲ್ಲವೆಂಬುದು ಪೇಟೆಯ ನಂಬಿಕೆ. ಕಾಯಿದೆಯ ಮಾತು ಬೇರೆ. ನಿಜಾಮರ ಕಾಲದಲ್ಲಿ ಈ ಸೀಮೆಗೆ ಪ್ರತ್ಯೇಕ ದಂಡಸಂಹಿತೆಯಿತ್ತು. 1860ರ ಸಂಹಿತೆ ಇಲ್ಲಿಗೆ 1951ರಲ್ಲಿ ಬಂದಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ನಡೆಯುತ್ತಿದೆ. ಅದರ 303ನೆಯ ಕಲಮಿನಂತೆ, ಪರರ ವಶದಲ್ಲಿರುವ ಚರವಸ್ತುವನ್ನು ಅವರ ಒಪ್ಪಿಗೆಯಿಲ್ಲದೆ ಅಪಹರಿಸುವ ಅಪ್ರಾಮಾಣಿಕ ಬುದ್ಧಿಯಿಂದ ಕದಲಿಸಿದೊಡನೆಯೇ ಕಳವು ಪೂರ್ಣವಾಗುತ್ತದೆ. ಕಲಮಿನ ಕೆಳಗೊಂದು ಉದಾಹರಣೆಯುಂಟು: ಮೇಜಿನ ಮೇಲಿನ ಉಂಗುರವನ್ನು, ಮುಂದೆ ಒಯ್ಯೋಣವೆಂದು ಅದೇ ಮನೆಯಲ್ಲಿ ಬಚ್ಚಿಟ್ಟವನು ಮೊದಲು ಕದಲಿಸಿದಾಗಲೇ ಕಳ್ಳನಾದನು.

ಆದರೆ ಅಂಗಡಿಯ ಸಂಗತಿ ಅಷ್ಟು ಸರಳವಲ್ಲ. ಗಿರಾಕಿಯು ಸರಕನ್ನು ಮುಟ್ಟಿ, ಎತ್ತಿ, ಬೆಳಕಿಗೆ ಹಿಡಿದು ನೋಡಲು ಸಾಹುಕಾರನೇ ಒಪ್ಪಿರುತ್ತಾನೆ. ಕೈಗೆ ತೆಗೆದುಕೊಂಡದ್ದರಿಂದ ಏನೂ ಸಿದ್ಧವಾಗದು, ಸಿದ್ಧಪಡಿಸಬೇಕಾದುದು ಬುದ್ಧಿಯನ್ನು. ಮಗುವನ್ನು ಎತ್ತಿಕೊಳ್ಳುವ ಅವಸರದಲ್ಲಿ ಕಣವು ಸೆರಗಿಗೆ ಸಿಕ್ಕಿರಬಹುದು. ಗಲ್ಲಾದ ಮುಂದೆ ನಿಂತು ಬೇರೆ ಸಾಮಾನಿಗೆ ಹಣ ತೆತ್ತು ಇದರ ಮಾತೆತ್ತದೆ ಹೊರಟರೆ ಬುದ್ಧಿಯ ಗುರುತು ಹೆಚ್ಚು ಸ್ಪಷ್ಟ. ಹೊಸ್ತಿಲಿಗೆ ಬೆಲೆಯಿರುವುದು ಸಾಕ್ಷ್ಯದಲ್ಲಿ, ಕಳವಿನ ಲಕ್ಷಣದಲ್ಲಲ್ಲ.

ಸಾಕ್ಷ್ಯದ ಮಾತಿಗೆ ನಾವು ದೂರ ಹೋಗಬೇಕಾಗಿಲ್ಲ. ಹುಮನಾಬಾದಿನ ನೆರೆಯ ಬಸವಕಲ್ಯಾಣವು ಹಿಂದೆ ಚಾಲುಕ್ಯರ ರಾಜಧಾನಿ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದದ್ದು ಅಲ್ಲಿಯೇ. ಅದು ವ್ಯಾಖ್ಯಾನಿಸುವ ಯಾಜ್ಞವಲ್ಕ್ಯಸ್ಮೃತಿಯು ಕಳ್ಳನನ್ನು ಹಿಡಿಯುವ ಕುರುಹುಗಳಲ್ಲಿ ಲೋಪ್ತ್ರವನ್ನು, ಎಂದರೆ ಕದ್ದ ಒಡವೆಯನ್ನು, ಮುಂದಿಡುತ್ತದೆ. ಹೆಜ್ಜೆಯ ಜಾಡು ಅದರ ಜೊತೆಗೆ. ಹಿಂದಿನ ಅಪರಾಧವನ್ನೂ ಅದು ಕುರುಹೆಂದು ಎಣಿಸುತ್ತದೆ. ಇಂದಿನ ನ್ಯಾಯಾಸ್ಥಾನಕ್ಕೆ ಅದು ಸಾಮಾನ್ಯವಾಗಿ ಸಲ್ಲದು, ಸಲ್ಲದಿರುವುದೇ ಲೇಸು. ಲೋಪ್ತ್ರವು ಮಾತ್ರ ಉಳಿದಿದೆ. ಕಳುವಾದ ಸ್ವಲ್ಪ ಹೊತ್ತಿನಲ್ಲಿಯೇ ಮಾಲು ಒಬ್ಬನ ಬಳಿ ಸಿಕ್ಕಿ, ಅವನು ಸಮಾಧಾನ ಹೇಳಲಾರದೆ ಹೋದರೆ, ಅವನನ್ನು ಕಳ್ಳನೆಂದೋ ಕಳವಿನ ಮಾಲೆಂದು ತಿಳಿದು ಕೊಂಡವನೆಂದೋ ನ್ಯಾಯಾಧೀಶರು ಊಹಿಸಬಹುದು. ಊಹಿಸಲೇಬೇಕೆಂದಿಲ್ಲ. ಆ ಮಾಲು ಈ ಅಂಗಡಿಯದೇ ಎಂಬುದನ್ನು ಗುರುತಿನ ಚೀಟಿಯಿಂದಲೋ ದಾಸ್ತಾನಿನ ಲೆಕ್ಕದಿಂದಲೋ ಮೊದಲು ತೋರಿಸಬೇಕು.

ಈಗ ಹೆಜ್ಜೆಯ ಜಾಡಿನ ಸ್ಥಾನಕ್ಕೆ ಗೋಡೆಯ ಕ್ಯಾಮರಾ ಬಂದಿದೆ. ಅದರ ಪ್ರತಿಯನ್ನು ಹಾಜರುಪಡಿಸುವಾಗ 2023ರ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಪ್ರಮಾಣಪತ್ರವೂ ಬೇಕು. ಬೆದರಿಸಿ ಬರೆಯಿಸಿಕೊಂಡ ತಪ್ಪೊಪ್ಪಿಗೆಗೆ ಬೆಲೆ ಬಹಳ ಕಡಮೆ. ಪೊಲೀಸಿನವರ ಮುಂದೆ ಒಪ್ಪಿದ್ದನ್ನು ಆರೋಪಿಯ ವಿರುದ್ಧ ರುಜುವಾತಿಗೆ ತರುವಂತೆಯೇ ಇಲ್ಲ.

ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಮೆಯಿದ್ದು, ಅಪರಾಧವು ಮೊದಲನೆಯದಾಗಿ, ಮಾಲನ್ನೋ ಬೆಲೆಯನ್ನೋ ಹಿಂದಿರುಗಿಸಿದರೆ, 303ನೆಯ ಕಲಮಿನಲ್ಲಿ ಸಮುದಾಯ ಸೇವೆಯೇ ಶಿಕ್ಷೆ. ಆದರೆ ಸ್ವತ್ತನ್ನು ಕಾಪಾಡಿಡುವ ಕಟ್ಟಡದೊಳಗಿನ ಕಳವಿಗೆ 305ನೆಯ ಕಲಮು ಏಳು ವರ್ಷದವರೆಗೆ ಸೆರೆಮನೆಯನ್ನು ಹೇಳುತ್ತದೆ. ಅಂಗಡಿಯ ಕಳವನ್ನು ಅದರಡಿ ತರುವುದುಂಟು.

ಸಂಶಯ ಬಂದ ಮಾತ್ರಕ್ಕೆ ಬಾಗಿಲು ಹಾಕಿ ಗಿರಾಕಿಯನ್ನು ಕೂಡಿಟ್ಟರೆ ಸಾಹುಕಾರನೇ ಆರೋಪಿಯಾದಾನು. ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದಾದ, ಜಾಮೀನಿನ ಹಕ್ಕಿಲ್ಲದ ಅಪರಾಧವು ಕಣ್ಣೆದುರಿಗೆ ನಡೆದರೆ ಮಾತ್ರ ಅವನು ಹಿಡಿಯಬಹುದು. ಹಿಡಿದವರನ್ನು ಆರು ಗಂಟೆಯೊಳಗಾಗಿ ಠಾಣೆಗೆ ಒಪ್ಪಿಸತಕ್ಕದ್ದು. ಮೈ ತಡಕುವ ಅಧಿಕಾರ ಅವನಿಗಿಲ್ಲ. ಠಾಣೆಯಲ್ಲಿಯೂ ಹೆಂಗಸನ್ನು ಶೋಧಿಸತಕ್ಕವರು ಹೆಂಗಸರೇ.