ನಡೆಯುವ ಕಾರ್ಖಾನೆಯಲ್ಲಿ ಮಾತಿನ ದಾರಿ
(ಶತಮಾನೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ಶಾಲೆಯ ವೇದಿಕೆಯ ಮೇಲೆ ಕಾರ್ಖಾನೆಯ ಒಳಗಿನ ಟೆಲಿಫೋನಿನ ವಿಷಯವೇಕೆ ಎಂದು ತಮಗೆ ಅನ್ನಿಸಬಹುದು. ಕೃಷ್ಣೆಯ ದಂಡೆಯ ನಮ್ಮ ಉದಗಾಂವದಲ್ಲಿ ಕಬ್ಬಿನ ಸಂಬಂಧವಿಲ್ಲದ ಮನೆಗಳು ವಿರಳ. ಶಿರೋಳದ ಸಕ್ಕರೆ ಕಾರ್ಖಾನೆ, ಇಚಲಕರಂಜಿಯ ಯಂತ್ರಮಗ್ಗಗಳು, ಜಯಸಿಂಗಪುರ ಸಾಂಗಲಿಗಳ ಉದ್ಯಮಗಳು ಈ ಭಾಗದ ಮಕ್ಕಳಿಗೆ ಅನ್ನ ನೀಡಿವೆ. ಇಲ್ಲಿ ಕನ್ನಡದಲ್ಲಿ ಅಕ್ಷರ ಕಲಿತ ನಾವು ಮುಂದೆ ಮರಾಠಿ ನುಡಿಯುವ ಸಂಗಡಿಗರೊಡನೆ ಒಂದೇ ಪಾಳಿಯಲ್ಲಿ ದುಡಿದೆವು. ಅಲ್ಲಿ ಒಬ್ಬನ ಮಾತು ಇನ್ನೊಬ್ಬನಿಗೆ ತಪ್ಪಿಲ್ಲದೆ ಮುಟ್ಟುವುದರ ಮೇಲೆ ಜೀವವೇ ನಿಂತಿರುತ್ತದೆ. ಆದ್ದರಿಂದ ಈ ವಿಷಯವನ್ನೇ ಆರಿಸಿಕೊಂಡೆವು.

ಸಕ್ಕರೆ ಕಾರ್ಖಾನೆಯನ್ನೇ ಉದಾಹರಣೆಯಾಗಿ ನೋಡೋಣ. ಹಂಗಾಮು ಆರಂಭವಾಯಿತೆಂದರೆ ಹಗಲಿರುಳು ಮೂರು ಪಾಳಿಯ ಕೆಲಸ. ಕಡಿದ ಕಬ್ಬು ಕಾದಷ್ಟೂ ಅದರ ಸಕ್ಕರೆಯ ಅಂಶ ಇಳಿಯುವುದರಿಂದ ಗಾಣ ನಿಲ್ಲುವಂತಿಲ್ಲ. ಗಾಣದಿಂದ ಬರುವ ಸಿಪ್ಪೆಯೇ ಬಾಯ್ಲರಿನ ಉರುವಲು. ಬಾಯ್ಲರಿನ ಉಗಿಯಿಂದಲೇ ಟರ್ಬೈನ್ ತಿರುಗಬೇಕು, ರಸ ಕುದಿಯಬೇಕು. ಒಂದು ಕಡೆ ತಡೆಯಾದರೆ ಉಳಿದ ಎಲ್ಲ ಕಡೆಗೂ ಕೂಡಲೇ ಸುದ್ದಿ ಹೋಗಬೇಕು. ಆದರೆ ಗಾಣದ ಮನೆಯ ಸದ್ದಿನಲ್ಲಿ ಪಕ್ಕದಲ್ಲಿ ನಿಂತವನ ಮಾತೂ ಕೇಳಿಸುವುದು ಕಷ್ಟ. ನಮ್ಮ ಕಾರ್ಖಾನೆ ನಿಯಮಗಳು 8 ಗಂಟೆಯ ಪಾಳಿಗೆ 90 ಡೆಸಿಬೆಲ್ ಮಿತಿಯನ್ನು ವಿಧಿಸಿವೆ. ಆ ಮಿತಿಯೊಳಗಿನ ಸದ್ದೂ ಸಾಮಾನ್ಯ ಫೋನಿನ ಗಂಟೆಯನ್ನು ನುಂಗಿಹಾಕಬಲ್ಲದು.

ಈ ತೊಡಕನ್ನು ನಿವಾರಿಸುವ ವಿದ್ಯೆ ನಮ್ಮ ನಾಡಿನಲ್ಲೇ ಬೆಳೆದಿದೆ. 1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಆರಂಭವಾಯಿತು. 1984ರಲ್ಲಿ ಸಿ-ಡಾಟ್ ಸಂಸ್ಥೆ ಸ್ಥಾಪನೆಗೊಂಡು, ಅದು ರೂಪಿಸಿದ ಮೊದಲ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರ 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಕೆಲಸಕ್ಕೆ ತೊಡಗಿತು. ಹವಾನಿಯಂತ್ರಣವಿಲ್ಲದೆ, ನಮ್ಮ ಬಿಸಿಲು ಧೂಳುಗಳನ್ನು ತಾಳಿಕೊಂಡು ನಡೆಯಬೇಕೆಂಬುದೇ ಅದರ ರಚನೆಯ ಮೂಲ ಉದ್ದೇಶ. ಬಳಸುವ ಜಾಗವನ್ನು ಮೊದಲು ನೋಡಿ, ಯಂತ್ರವನ್ನು ಅನಂತರ ರೂಪಿಸಿದ ಆ ಕ್ರಮವೇ ಇಂದಿಗೂ ನಮಗೆ ಪಾಠ.

ಹಳೆಯ ವ್ಯವಸ್ಥೆಯಲ್ಲಿ ಪ್ರತಿ ಫೋನಿಗೂ ಎರಡು ತಾಮ್ರದ ತಂತಿಗಳು. ವಿನಿಮಯ ಕೇಂದ್ರದ 48 ವೋಲ್ಟಿನ ಬ್ಯಾಟರಿಯೇ ಫೋನಿಗೆ ಶಕ್ತಿ ಕೊಡುತ್ತದೆ. ಕಾರ್ಖಾನೆಯೆಲ್ಲ ಕತ್ತಲಾದರೂ ಮಾತು ನಿಲ್ಲುವುದಿಲ್ಲ. ಹೊಸ ವ್ಯವಸ್ಥೆಯಲ್ಲಿ ಧ್ವನಿಯು ಅಂಕಿಗಳಾಗಿ, ಸಣ್ಣ ಸಣ್ಣ ಕಟ್ಟುಗಳಾಗಿ ಕಂಪ್ಯೂಟರ್ ಜಾಲದಲ್ಲಿ ಸಾಗುತ್ತದೆ. ಒಂದೇ ಸಲ ಹತ್ತು ವಿಭಾಗಗಳಿಗೆ ಕರೆ, ಧ್ವನಿವರ್ಧಕದಲ್ಲಿ ಪ್ರಕಟಣೆ, ಯಾವ ಫೋನು ಕೆಟ್ಟಿದೆ ಎಂಬ ಸೂಚನೆ ಎಲ್ಲವೂ ಅದರಲ್ಲಿ ಸಾಧ್ಯ. ಆದರೆ ಜಾಲದ ತಾಮ್ರದ ಕೇಬಲ್ 100 ಮೀಟರಿಗಿಂತ ಉದ್ದ ಹೋಗಬಾರದು. ಅದರಾಚೆಗೆ ಆಪ್ಟಿಕಲ್ ಫೈಬರ್ ಬೇಕು. ನಡುವಿನ ಸ್ವಿಚ್ ಪೆಟ್ಟಿಗೆಗೆ ವಿದ್ಯುತ್ ತಪ್ಪಿದರೆ ಅದಕ್ಕೆ ಜೋಡಿಸಿದ ಫೋನುಗಳೆಲ್ಲ ಒಮ್ಮೆಲೇ ಮೂಕವಾಗುತ್ತವೆ. ಆದ್ದರಿಂದ ಪ್ರತಿ ಪೆಟ್ಟಿಗೆಗೂ ಬ್ಯಾಟರಿಯ ಆಸರೆ ಇರಲೇಬೇಕು.

ನಡೆಯುವ ಕಾರ್ಖಾನೆಯಲ್ಲಿ ಇದನ್ನು ಬದಲಿಸುವಾಗ ಪಾಲಿಸಬೇಕಾದ ನಿಯಮ ಒಂದೇ: ಒಂದು ಕ್ಷಣವೂ ಮಾತಿನ ದಾರಿ ಮುಚ್ಚಬಾರದು. ಕೇಬಲ್ ಎಳೆಯುವ ದೊಡ್ಡ ಕೆಲಸಗಳನ್ನು ಹಂಗಾಮು ಮುಗಿದು ದುರಸ್ತಿ ನಡೆಯುವ ತಿಂಗಳುಗಳಲ್ಲಿ ಮಾಡಬೇಕು. ಆದರೆ ಪರೀಕ್ಷೆ ಗಾಣ ತಿರುಗುತ್ತಿರುವಾಗಲೇ ಆಗಬೇಕು. ನಿಶ್ಶಬ್ದದಲ್ಲಿ ಚೆನ್ನಾಗಿ ಕೇಳಿಸಿದ ಫೋನು ಸದ್ದಿನಲ್ಲಿ ಕೇಳಿಸೀತೆಂಬ ಭರವಸೆಯಿಲ್ಲ. ಸದ್ದಿರುವಲ್ಲಿ ಗಂಟೆಯ ಜೊತೆಗೆ ಮಿನುಗುವ ದೀಪ, ತಲೆ ಒಳಗಿಟ್ಟು ಮಾತಾಡುವ ಗೂಡು ಬೇಕು. ಮದ್ಯಸಾರದ ಘಟಕದಲ್ಲಿ ಕಿಡಿಯು ಹೊರಗೆ ತಾಗದಂತೆ ಮುಚ್ಚಿದ ಫೋನುಗಳೇ ಇರಬೇಕು. ಹಳೆಯದೂ ಹೊಸದೂ ಕೆಲವು ಕಾಲ ಜೊತೆಯಾಗಿ ನಡೆಯಬೇಕು; ಜನರ ಬಾಯಲ್ಲಿ ಕೂತ ಹಳೆಯ ಸಂಖ್ಯೆಗಳು ಹಾಗೆಯೇ ಉಳಿಯಬೇಕು. ಬಾಯ್ಲರ್, ವಿದ್ಯುತ್ ಕೋಣೆ, ಅಗ್ನಿಶಾಮಕ ವಿಭಾಗಗಳ ತುರ್ತು ತಂತಿಗಳನ್ನು ಎಲ್ಲಕ್ಕಿಂತ ಕೊನೆಗೆ ಬದಲಿಸಬೇಕು.

ಇಷ್ಟು ಎಚ್ಚರವೇಕೆ? ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ತೈಲ ಕಟ್ಟೆಯಲ್ಲಿ 1988ರ ಜುಲೈ 6ರ ರಾತ್ರಿ ನಡೆದ ದುರಂತದಲ್ಲಿ 167 ಜನ ಮಡಿದರು. ಒಂದು ಪಂಪಿನ ಸುರಕ್ಷಾ ಕವಾಟವನ್ನು ದುರಸ್ತಿಗಾಗಿ ಬಿಚ್ಚಿದ್ದ ಸಂಗತಿ ಹಗಲು ಪಾಳಿಯಿಂದ ರಾತ್ರಿ ಪಾಳಿಗೆ ಮುಟ್ಟಿರಲಿಲ್ಲ. ರಾತ್ರಿಯವರು ಆ ಪಂಪನ್ನು ಚಾಲೂ ಮಾಡಿದರು. ಮೊದಲ ಸ್ಫೋಟದಲ್ಲೇ ನಿಯಂತ್ರಣ ಕೋಣೆ ಕೆಟ್ಟು, ಧ್ವನಿವರ್ಧಕದಲ್ಲಿ ಒಂದು ಸೂಚನೆಯೂ ಬರಲಿಲ್ಲ. ವಸತಿ ಭಾಗದಲ್ಲಿ ಸೂಚನೆಗಾಗಿ ಕಾಯುತ್ತಲೇ ಅನೇಕರು ಪ್ರಾಣ ಬಿಟ್ಟರು. ಮೊದಲು ಮನುಷ್ಯರ ನಡುವೆ, ಆಮೇಲೆ ಯಂತ್ರದಲ್ಲಿ, ಒಂದೇ ರಾತ್ರಿ ಎರಡು ಬಾರಿ ಮಾತು ತಪ್ಪಿತು.

ಯಂತ್ರ ಎಷ್ಟೇ ಹೊಸದಾದರೂ ಆಡುವ ಮಾತು ನಮ್ಮದೇ. ಕನ್ನಡದ ಮೂರು ಮತ್ತು ನೂರು, ಮರಾಠಿಯ ಸಾತ್ ಮತ್ತು ಸಾಠ್, ಸದ್ದಿನ ನಡುವೆ ಎಷ್ಟು ಹತ್ತಿರವಾಗಿ ಕೇಳಿಸುತ್ತವೆಂಬುದನ್ನು ಯೋಚಿಸಿರಿ. ಏಳಕ್ಕೂ ಅರವತ್ತಕ್ಕೂ ಇರುವ ಅಂತರ ಅಲ್ಲಿ ಒಂದು ಅಕ್ಷರದ್ದು. ಇದಕ್ಕೆ ಮದ್ದು ಬಹಳ ಸರಳ: ಸಂಖ್ಯೆಯನ್ನು ಬಿಡಿಬಿಡಿಯಾಗಿ ಹೇಳುವುದು, ಕೇಳಿದವನು ಅದನ್ನು ತಿರುಗಿ ಹೇಳುವುದು, ಹೇಳಿದವನು ಹೌದೆನ್ನುವವರೆಗೆ ಕೈ ಆಡಿಸದಿರುವುದು. ತುರ್ತಿನ ನಾಲ್ಕಾರು ಮಾತುಗಳನ್ನು ಎರಡೂ ಭಾಷೆಗಳಲ್ಲಿ ಬರೆದು ಫೋನಿನ ಬಳಿ ತೂಗುಹಾಕುವುದು. ಗುರುಗಳು ಉಕ್ತಲೇಖನ ಹೇಳಿ, ಬರೆದುದನ್ನು ನಮ್ಮಿಂದಲೇ ಓದಿಸಿ ತಿದ್ದುತ್ತಿದ್ದ ಪದ್ಧತಿಯೂ ಇದೇ ಅಲ್ಲವೆ? ಸ್ಪಷ್ಟ ಉಚ್ಚಾರವನ್ನು ಅಂಕಗಳಿಗಾಗಿ ಮಾತ್ರ ಕಲಿಸುತ್ತಿದ್ದಾರೆಂದು ಇಂದಿನ ಮಕ್ಕಳು ತಿಳಿಯಬಾರದು.

ಕೊನೆಯದಾಗಿ ಪಾಲಕರಲ್ಲಿ ಒಂದು ವಿನಂತಿ. ತಮ್ಮಲ್ಲಿ ಅನೇಕರು ಸಹಕಾರಿ ಕಾರ್ಖಾನೆಗಳ ಶೇರುದಾರ ರೈತರು. ವಾರ್ಷಿಕ ಸಭೆಯಲ್ಲಿ ಕಬ್ಬಿನ ದರವನ್ನು ಕೇಳುವುದು ತಮ್ಮ ಹಕ್ಕು. ಅದರೊಡನೆ ಇನ್ನೊಂದು ಪ್ರಶ್ನೆಯನ್ನೂ ಕೇಳಿರಿ: ಹೊಸ ಫೋನು ವ್ಯವಸ್ಥೆಯನ್ನು ಕೊಳ್ಳುವ ಮುನ್ನ ರಾತ್ರಿ ಪಾಳಿಯವರನ್ನು ಕೇಳಿದಿರಾ? ವಿದ್ಯುತ್ ಹೋದಾಗ ಬಾಯ್ಲರಿನವನು ಯಾವ ಫೋನಿನಲ್ಲಿ ಮಾತಾಡುತ್ತಾನೆ? ದರದ ಲೆಕ್ಕ ತಪ್ಪಿದರೆ ಮುಂದಿನ ವರ್ಷ ಸರಿಪಡಿಸಬಹುದು. ಆ ರಾತ್ರಿ ಅಲ್ಲಿ ನಿಂತಿರುವವನು ಇದೇ ಶಾಲೆಯ ಮಗನಾಗಿರಬಹುದು.