ಐದು ರೂಪಾಯಿ ದಂಡ

(ನಮ್ಮ ಮಹಿಳಾ ವೇದಿಕೆಯ ರಾಜ್ಯೋತ್ಸವ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



"ಹೊರನಾಡಿನಲ್ಲಿ ಮಕ್ಕಳಿಗೆ ಕನ್ನಡ ಉಳಿಸುವುದು ಹೇಗೆ" ಎಂಬ ವಿಷಯದ ಮೇಲೆ ಹದಿನೈದು ನಿಮಿಷ ಮಾತಾಡಿ ಎಂದು ನಮ್ಮ ಕಾರ್ಯದರ್ಶಿಯವರು ಫೋನ್ ಮಾಡಿದಾಗ ನನಗೆ ಒಳಗೊಳಗೇ ನಗು ಬಂತು. ಮಕ್ಕಳ ಬಾಯಿಂದ ಅವರ ಮನೆಮಾತನ್ನು ಕಿತ್ತುಕೊಳ್ಳುವ ಕೆಲಸವನ್ನು ಸಂಬಳ ತೆಗೆದುಕೊಂಡು ಮಾಡಿದವಳು ನಾನು. ಅದನ್ನೇ ಇವತ್ತು ಹೇಳುತ್ತೇನೆ. ಊರು ಬೇರೆ, ದೇಶ ಬೇರೆ, ಭಾಷೆ ಬೇರೆ. ಆದರೂ ಕೊನೆಗೆ ಮಾತು ನಮ್ಮ ಮನೆಯ ಹಾಲ್‌ಗೇ ಬಂದು ನಿಲ್ಲುತ್ತದೆ, ನೋಡಿ.

ನಮ್ಮವರ ಕೆಲಸದ ನಿಮಿತ್ತ 2010ರಿಂದ ಮೂರು ವರ್ಷ ನಾವು ಕಾಠ್ಮಂಡುವಿನಲ್ಲಿದ್ದೆವು. ಮನೆಯಲ್ಲಿ ಸುಮ್ಮನೆ ಕೂರುವುದೇಕೆ ಎಂದು ನಾನು ಅಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಏಳನೇ ಕ್ಲಾಸಿಗೆ ಇಂಗ್ಲಿಷ್ ಪಾಠ ಮಾಡಲು ಸೇರಿಕೊಂಡೆ. ಶಾಲೆಯ ಆವರಣದಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ಐದು ರೂಪಾಯಿ ದಂಡ. ನನ್ನ ಮೇಜಿನ ಮೇಲೆ ಬಿಸ್ಕತ್ತಿನ ಒಂದು ಡಬ್ಬಿ, ಪಕ್ಕದಲ್ಲಿ ಒಂದು ನೋಟ್‌ಬುಕ್. ಯಾರು, ಯಾವ ದಿನ, ಎಷ್ಟು ಎಂದು ಬರೆಯುವ ಜವಾಬ್ದಾರಿ ಕ್ಲಾಸ್ ಟೀಚರ್ ಆದ ನನ್ನದು. ನಾನೂ ಬಹಳ ಶ್ರದ್ಧೆಯಿಂದ ಬರೆಯುತ್ತಿದ್ದೆ. ಮಕ್ಕಳ ಒಳ್ಳೆಯದಕ್ಕೇ ಎಂದು ನಂಬಿದ್ದೆ.

ಆ ಕ್ಲಾಸಿನಲ್ಲಿ ಒಬ್ಬ ನೇವಾರ ಹುಡುಗಿ ಇದ್ದಳು. ಅವಳ ಹೆಸರು ಇಲ್ಲಿ ಬೇಡ. ನೇವಾರರು ಕಾಠ್ಮಂಡು ಕಣಿವೆಯ ಮೂಲ ನಿವಾಸಿಗಳು. ಕಾಠ್ಮಂಡು, ಪಾಟನ್, ಭಕ್ತಪುರ ಈ ಮೂರು ಊರುಗಳ ಅರಮನೆ, ಗುಡಿ, ಮರದ ಕೆತ್ತನೆಯ ಕಿಟಕಿ ಎಲ್ಲವೂ ಅವರ ಕೈಕೆಲಸ. ಅವರಲ್ಲಿ ಹಿಂದೂಗಳೂ ಇದ್ದಾರೆ, ಬೌದ್ಧರೂ ಇದ್ದಾರೆ. ಎಷ್ಟೋ ಮನೆಗಳಲ್ಲಿ ಎರಡೂ ಪದ್ಧತಿ ಒಟ್ಟಿಗೇ ನಡೆಯುತ್ತವೆ. ಅವರ ಭಾಷೆಯ ಹೆಸರು ನೇಪಾಳ ಭಾಷಾ. ಹೆಸರು ಕೇಳಿ ಅದೂ ನೇಪಾಳಿಯೂ ಒಂದೇ ಎಂದು ನಾನು ಒಂದು ವರ್ಷ ತಿಳಿದಿದ್ದೆ. ಅಲ್ಲವೇ ಅಲ್ಲ. ನೇಪಾಳಿ ನಮ್ಮ ಹಿಂದಿ, ಮರಾಠಿಯ ಬಳಗದ್ದು; ಇದು ಟಿಬೆಟ್, ಬರ್ಮಾ ಕಡೆಯ ಭಾಷೆಗಳ ಬಳಗದ್ದು. ಬರೆಯಲು ಅವರದೇ ಲಿಪಿಗಳಿವೆ. ಕ್ರಿ.ಶ. 879ರಲ್ಲಿ ಶುರುವಾದ ಅವರದೇ ಸಂವತ್ಸರವೂ ಇದೆ. ದೀಪಾವಳಿ ಸಮಯಕ್ಕೆ ಅವರ ಹೊಸ ವರ್ಷ.

2012ರ ಡಿಸೆಂಬರ್‌ನಲ್ಲಿ ಮಕ್ಕಳನ್ನು ಪಾಟನ್ ಮ್ಯೂಸಿಯಂಗೆ ಕರೆದುಕೊಂಡು ಹೋಗುವುದೆಂದು ಶಾಲೆಯಲ್ಲಿ ಗೊತ್ತಾಯಿತು. ಮೂವತ್ತೆಂಟು ಮಕ್ಕಳು, ಮೂವರು ಟೀಚರ್‌ಗಳು, ಒಂದು ಬಸ್ಸು. ಬಾಗ್ಮತಿ ನದಿ ದಾಟಿದರೆ ಪಾಟನ್. ಬಸ್ಸಿನಲ್ಲಿ ಈ ಹುಡುಗಿ ಕಿಟಕಿಯಾಚೆ ಯಾವುದೋ ಓಣಿ ತೋರಿಸಿ ಪಕ್ಕದವಳ ಕಿವಿಯಲ್ಲಿ ತನ್ನ ಭಾಷೆಯಲ್ಲಿ ಏನೋ ಹೇಳಿದಳು. ನಾನು ಹಿಂದಿನ ಸೀಟಿನಲ್ಲೇ ಇದ್ದೆ. "ಐದು ರೂಪಾಯಿ" ಎಂದೆ. ಮಾತಿಲ್ಲದೆ ಕೊಟ್ಟಳು. ಅವಳು ತೋರಿಸಿದ್ದು ತನ್ನ ಮನೆಯ ಓಣಿಯನ್ನು ಎಂದು ನನಗೆ ಆಮೇಲೆ ಗೊತ್ತಾಯಿತು.

ಮ್ಯೂಸಿಯಂ ಇರುವುದು ಮಲ್ಲ ಅರಸರ ಹಳೆಯ ಅರಮನೆಯಲ್ಲಿ, ಕೇಶವ ನಾರಾಯಣ ಚೌಕ ಎಂಬ ಭಾಗದಲ್ಲಿ. ಚಿನ್ನದ ಬಣ್ಣದ ದೊಡ್ಡ ಬಾಗಿಲು, ಮೇಲೆ ಅದೇ ಬಣ್ಣದ ಕಿಟಕಿ. ಆಸ್ಟ್ರಿಯಾದ ನೆರವಿನಿಂದ ದುರಸ್ತಿ ಮಾಡಿಸಿ 1997ರಲ್ಲಿ ತೆರೆದರು. ಎದುರಿಗೆ 1637ರಲ್ಲಿ ಸಿದ್ಧಿನರಸಿಂಹ ಮಲ್ಲ ಕಟ್ಟಿಸಿದ ಕಲ್ಲಿನ ಕೃಷ್ಣ ಮಂದಿರ. ಅದರ ಸುತ್ತ ರಾಮಾಯಣ, ಮಹಾಭಾರತದ ಕೆತ್ತನೆಗಳಿವೆ. ಆ ಚಿತ್ರಗಳ ಕೆಳಗಿನ ಬರಹ ನೇಪಾಳ ಭಾಷೆಯಲ್ಲಿದೆ. ನಾನು ಐದು ರೂಪಾಯಿ ದಂಡ ಹಾಕುತ್ತಿದ್ದ ಭಾಷೆ!

ಒಳಗೆ ವಿಷ್ಣು, ತಾರಾ, ಬುದ್ಧ, ಭೈರವ ಎಲ್ಲರೂ ಇದ್ದಾರೆ. ಮಕ್ಕಳಿಗೆ ಅರ್ಧ ಗಂಟೆಯಲ್ಲೇ ಬೇಸರ ಬಂದಿತ್ತು. ಆಮೇಲೆ ಲೋಹದ ವಿಗ್ರಹ ಎರಕ ಹೊಯ್ಯುವುದನ್ನು ಹಂತಹಂತವಾಗಿ ತೋರಿಸುವ ಕೋಣೆಗೆ ಬಂದೆವು. ಅಲ್ಲಿಯ ಗೈಡ್ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರು. ಮೊದಲು ಮೇಣದಲ್ಲಿ ವಿಗ್ರಹ ಮಾಡುತ್ತಾರೆ. ಅದಕ್ಕೆ ಮಣ್ಣು, ಸಗಣಿ ಕಲಸಿ ಮೆತ್ತುತ್ತಾರೆ. ಮೇಲೆ ಭತ್ತದ ಹೊಟ್ಟು ಸೇರಿಸಿದ ಮಣ್ಣಿನ ಪದರ. ಒಣಗಿದ ಮೇಲೆ ಕಾಯಿಸಿದರೆ ಮೇಣ ಕರಗಿ ಹರಿದುಹೋಗುತ್ತದೆ. ಖಾಲಿಯಾದ ಜಾಗಕ್ಕೆ ಕರಗಿಸಿದ ತಾಮ್ರ ಹೊಯ್ಯುತ್ತಾರೆ.

"ಮಣ್ಣಿಗೆ ಹೊಟ್ಟು ಯಾಕೆ ಸೇರಿಸುತ್ತಾರೆ, ಯಾರು ಹೇಳುತ್ತೀರಿ?" ಎಂದು ಅವರು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ನನಗೂ ಗೊತ್ತಿರಲಿಲ್ಲ. ನೋಡಿದರೆ, ಈ ಹುಡುಗಿಯ ಕೈ ಅರ್ಧ ಮೇಲೆದ್ದಿದೆ.

"ಮಿಸ್, ನನಗೆ ಗೊತ್ತು. ಆದರೆ ಇಂಗ್ಲಿಷಿನಲ್ಲಿ ಗೊತ್ತಿಲ್ಲ" ಎಂದಳು. ಅವಳು ನೋಡುತ್ತಿದ್ದುದು ಗೈಡನ್ನಲ್ಲ, ನನ್ನ ಕೈಚೀಲವನ್ನು. ದಂಡದ ನೋಟ್‌ಬುಕ್ ಅದರಲ್ಲಿತ್ತು.

ಎಲ್ಲ ಮಕ್ಕಳೂ ನನ್ನ ಮುಖ ನೋಡಿದರು. "ನಿನ್ನ ಭಾಷೆಯಲ್ಲೇ ಹೇಳಮ್ಮ" ಎಂದೆ.

ಗೈಡ್ ಕೂಡ ನೇವಾರರೇ. ಅವಳು ಹೇಳಿದಳು, ಅವರು ನಮಗೆ ತಿಳಿಸಿದರು. ಬೆಂಕಿಗೆ ಹೊಟ್ಟು ಸುಟ್ಟುಹೋಗಿ ಮಣ್ಣಿನಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತವೆ. ಒಳಗಿನ ಬಿಸಿಗಾಳಿಗೆ ಹೊರಹೋಗಲು ಅದೇ ದಾರಿ. ಇಲ್ಲದಿದ್ದರೆ ಅಚ್ಚು ಒಡೆಯುತ್ತದೆ. ಅಲ್ಲಿಗೆ ನಿಲ್ಲಲಿಲ್ಲ ಅವಳು. ತಾಮ್ರ ಹೊಯ್ಯುವ ದಿನ ಅಜ್ಜ ಯಾರೊಂದಿಗೂ ಮಾತಾಡುವುದಿಲ್ಲ ಎಂದಳು. ಉಳಿಯಿಂದ ಕಣ್ಣು ಮೂಡಿಸುವಾಗ ಉಸಿರು ಬಿಗಿಹಿಡಿಯುತ್ತಾರೆ ಎಂದು ಮಾಡಿ ತೋರಿಸಿದಳು. ಅಚ್ಚನ್ನು ಒಡೆದೇ ವಿಗ್ರಹ ತೆಗೆಯಬೇಕು, ಹಾಗಾಗಿ ಒಂದು ಅಚ್ಚಿಗೆ ಒಂದೇ ದೇವರು ಎಂದಳು. ಹತ್ತು ನಿಮಿಷ ಮೂವತ್ತೆಂಟು ಮಕ್ಕಳು ಪಿಟ್ಟೆನ್ನಲಿಲ್ಲ. ಎರಡು ವರ್ಷದಿಂದ ನಾನು "ದಡ್ಡಿ ಅಲ್ಲ, ಆದರೆ ಬಾಯಿಲ್ಲ" ಎಂದು ತೀರ್ಮಾನಿಸಿದ್ದ ಹುಡುಗಿ ಅವಳು.

ಹೊರಗೆ ಬಂದೆವು. ಅರಮನೆಯ ಪಕ್ಕದಲ್ಲಿ ಮೆಟ್ಟಿಲಿಳಿದು ಹೋಗುವ ಕಲ್ಲಿನ ನೀರಿನ ಕೊಳವಿದೆ, ಮಂಗ ಹಿತಿ ಎನ್ನುತ್ತಾರೆ. ಮೊಸಳೆಮುಖದ ಮೂರು ದೋಣಿಗಳಿಂದ ನೀರು ಬೀಳುತ್ತಿರುತ್ತದೆ. 6ನೆಯ ಶತಮಾನದ್ದು; ಅಂದರೆ ನಮ್ಮ ಬಾದಾಮಿಯ ಗುಹೆಗಳ ಕಾಲದ್ದು. ಹೆಂಗಸರು ಕೊಡ ತುಂಬಿಸಿಕೊಳ್ಳುತ್ತಿದ್ದರು. ಅಲ್ಲಿ ಮೆಟ್ಟಿಲ ಮೇಲೆ ಒಬ್ಬ ವಯಸ್ಸಾದ ಹೆಂಗಸು ಸ್ಟೀಲ್ ಡಬ್ಬಿ ಹಿಡಿದು ಕೂತಿದ್ದರು. ಈ ಹುಡುಗಿಯ ಅಜ್ಜಿ. ಮೊಮ್ಮಗಳು ಶಾಲೆಯವರ ಜೊತೆ ಬರುತ್ತಾಳೆಂದು ಬೆಳಿಗ್ಗೆಯಿಂದ ಕಾಯುತ್ತಿದ್ದರಂತೆ. ಅಜ್ಜಿ ನಗುತ್ತಾ ಏನೋ ಕೇಳಿದರು.

ಗೆಳತಿಯರೇ, ಆ ಮಗು ಅಜ್ಜಿಗೆ ಉತ್ತರ ಕೊಡುವ ಮೊದಲು ತಿರುಗಿ ನನ್ನ ಮುಖ ನೋಡಿತು. ತನ್ನ ಊರಿನಲ್ಲಿ, ತನ್ನ ಮನೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ, ತನ್ನ ಸ್ವಂತ ಅಜ್ಜಿಯೊಂದಿಗೆ ಮಾತಾಡಲು ಎಲ್ಲಿಂದಲೋ ಬಂದ ನನ್ನ ಅನುಮತಿ ಬೇಕಾಗಿತ್ತು ಅದಕ್ಕೆ. ಮ್ಯೂಸಿಯಂನಲ್ಲಿ ನಾನು ನೋಡಿದ ಎಷ್ಟೋ ವಿಗ್ರಹಗಳು ಈಗ ಮರೆತುಹೋಗಿವೆ. ಆ ನೋಟ ಮರೆತಿಲ್ಲ.

ಡಬ್ಬಿಯಲ್ಲಿ ಇದ್ದದ್ದು ಯೋಮರಿ. ಅಕ್ಕಿಹಿಟ್ಟಿನ ಕಣಕ, ಒಳಗೆ ಬೆಲ್ಲ, ಎಳ್ಳು, ಹಬೆಯಲ್ಲಿ ಬೇಯಿಸಿದ್ದು. ಆಕಾರ ಮೀನಿನ ಹಾಗೆ, ರುಚಿ ಥೇಟ್ ನಮ್ಮ ಗಣೇಶನ ಕಡುಬು. ಮಾರ್ಗಶಿರದ ಹುಣ್ಣಿಮೆಗೆ, ಹೊಸ ಭತ್ತ ಮನೆಗೆ ಬಂದ ಖುಷಿಗೆ ಮಾಡುತ್ತಾರೆ. ನನ್ನ ಕೈಗೂ ಒಂದು ಇಟ್ಟರು ಅಜ್ಜಿ. ನುಂಗುವುದು ಕಷ್ಟವಾಯಿತು.

ಅವತ್ತು ಸಂಜೆ ಧಾರವಾಡದಿಂದ ನಮ್ಮ ಅವ್ವನ ಫೋನ್ ಬಂತು. ಎಂಟು ವರ್ಷದ ನನ್ನ ಮಗನ ಕೈಗೆ ಕೊಟ್ಟೆ. ಅವನು ಹಿಂದಿಯಲ್ಲಿ ಗಡಗಡ ಹೇಳಿ ಫೋನ್ ನನಗೇ ಕೊಟ್ಟ. ಅವ್ವ ಕೇಳಿದಳು, "ಏನಂದನವಾ ಅವ? ನನಗ ಒಂದೂ ತಿಳೀಲಿಲ್ಲ. ನೀನರ ಹೇಳು." ಪ್ರತಿ ವಾರ ಹೀಗೇ ಆಗುತ್ತಿತ್ತು. ಅಜ್ಜಿ ಮೊಮ್ಮಗನ ನಡುವೆ ನಾನು ನಿಂತು ಅತ್ತ ಇತ್ತ ಮಾತು ದಾಟಿಸುತ್ತಿದ್ದೆ, ಅದನ್ನೊಂದು ಹೆಚ್ಚುಗಾರಿಕೆ ಎಂದೇ ತಿಳಿದಿದ್ದೆ. ಶಾಲೆಯಲ್ಲಿ ದಂಡ ಹಾಕಿ ಮಾಡಿದ್ದನ್ನು ಮನೆಯಲ್ಲಿ ದಂಡವಿಲ್ಲದೆಯೇ ಮಾಡಿದ್ದೆ.

ಆಮೇಲೆ ಸಹೋದ್ಯೋಗಿಗಳನ್ನು ಕೇಳಿ, ಪುಸ್ತಕ ಹುಡುಕಿ ಓದಲು ಶುರು ಮಾಡಿದೆ. ರಾಣಾ ಮನೆತನದ ಆಳ್ವಿಕೆಯಲ್ಲಿ ಈ ಭಾಷೆಯಲ್ಲಿ ಬರೆಯುವುದೇ ಅಪರಾಧವಾಗಿತ್ತು. ಚಿತ್ತಧರ ಹೃದಯ ಎಂಬ ಕವಿ ತಾಯಿಯ ಮೇಲೆ ಒಂದು ಕವಿತೆ ಪ್ರಕಟಿಸಿದ್ದಕ್ಕೆ ಜೈಲಿಗೆ ಹೋದರು. ಐದು ವರ್ಷ ಒಳಗಿದ್ದು 1945ರಲ್ಲಿ ಹೊರಬಂದರು. ಜೈಲಿನಲ್ಲಿ ಕದ್ದುಮುಚ್ಚಿ ಬುದ್ಧನ ಜೀವನದ ಮೇಲೆ 'ಸುಗತ ಸೌರಭ' ಎಂಬ ಮಹಾಕಾವ್ಯ ಬರೆದರು. ಆ ಹಾಳೆಗಳನ್ನು ಹೊರಗೆ ತಂದವರು ಯಾರು ಗೊತ್ತೇ? ಅವರಿಗೆ ಊಟ ಕೊಂಡೊಯ್ಯುತ್ತಿದ್ದ ತಂಗಿ ಮೋತಿಲಕ್ಷ್ಮಿ ಉಪಾಸಿಕಾ. ಅವರೂ ಕವಿತೆ, ಕಥೆ ಬರೆದವರು. ಆ ಭಾಷೆಯ ಆಧುನಿಕ ಸಾಹಿತ್ಯದ ಮೊದಲ ಲೇಖಕಿ. ಊಟದ ಬುತ್ತಿ ಹೊತ್ತ ಹೆಣ್ಣುಮಗಳೊಬ್ಬಳು ಒಂದು ಭಾಷೆಯ ಮಹಾಕಾವ್ಯವನ್ನು ಕಾಪಾಡಿದ ಸಂಗತಿ ಇದು.

ನಮಗೂ ಅವರಿಗೂ ಒಂದು ಹಳೆಯ ನಂಟಿದೆ. ಪಶುಪತಿನಾಥನ ಗರ್ಭಗುಡಿಯ ಪೂಜೆ ಮಾಡುವ ಭಟ್ಟರು ಕರ್ನಾಟಕದ ಕಡೆಯವರು ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಇನ್ನೂ ಹಿಂದಿನ ಮಾತು ಒಂದಿದೆ. 1097ರಲ್ಲಿ ನಾನ್ಯದೇವ ಎಂಬವನು ಮಿಥಿಲೆಯಲ್ಲಿ ರಾಜ್ಯ ಕಟ್ಟಿದ. ಅವನ ವಂಶದ ಹೆಸರೇ ಕರ್ಣಾಟ ವಂಶ. ರಾಜಧಾನಿ ಸಿಮ್ರೌನಗಢ ಇವತ್ತಿನ ನೇಪಾಳದ ತರಾಯಿಯಲ್ಲಿದೆ. 14ನೆಯ ಶತಮಾನದಲ್ಲಿ ತುಘಲಕರ ದಾಳಿಗೆ ಆ ರಾಜ್ಯ ಬಿತ್ತು. ಕೊನೆಯ ಅರಸ ಹರಿಸಿಂಹದೇವ ಬೆಟ್ಟದ ದಾರಿಯಲ್ಲೇ ತೀರಿಕೊಂಡ. ಅವನ ರಾಣಿ ದೇವಲದೇವಿ ಮಗನನ್ನು ಕರೆದುಕೊಂಡು ಭಕ್ತಪುರ ಸೇರಿದಳು. ಮಲ್ಲ ಅರಸರ ಕುಲದೇವತೆ ತಲೇಜು ಕಣಿವೆಗೆ ಬಂದದ್ದು ಈ ಮನೆತನದ ಜೊತೆಗೆ ಎಂದು ಅಲ್ಲಿಯ ಐತಿಹ್ಯ. ಅದೇ ತಲೇಜುವಿನ ಗುಡಿ ಪಾಟನ್ ಅರಮನೆಯಲ್ಲೂ ಇದೆ. ಮಲ್ಲರು ತಮ್ಮ ವಂಶವನ್ನು ನಾನ್ಯದೇವನವರೆಗೆ ಹೇಳಿಕೊಳ್ಳುತ್ತಿದ್ದರು. ಇವರು ಹೆಸರಿನಲ್ಲಿ ಕರ್ಣಾಟರು, ಆದರೆ ಕನ್ನಡ ಮಾತ್ರ ಎಲ್ಲೂ ಉಳಿಯಲಿಲ್ಲ. ಈ ಸಾಲು ಓದಿದ ದಿನ ನಾನು ಮಗನ ಸ್ಕೂಲ್ ಡೈರಿಯನ್ನು ಬಹಳ ಹೊತ್ತು ನೋಡುತ್ತಾ ಕೂತಿದ್ದೆ. ಅದರಲ್ಲೂ ಅವನ ಹೆಸರು, ನಮ್ಮ ಊರಿನ ಅಡ್ಡಹೆಸರು ಎರಡೂ ಇದ್ದವು.

ಭಾಷೆ ಹೋದರೆ ಜೊತೆಗೆ ಏನೇನು ಹೋಗುತ್ತದೆ ಎಂದು ಆ ಅಜ್ಜಿಯ ಮನೆಗೆ ಹೋಗಿಬರುವಾಗ ತಿಳಿಯಿತು. ಹೌದು, ಆಮೇಲೆ ಎರಡು ಮೂರು ಸಲ ಹೋದೆ. ನೇವಾರರಲ್ಲಿ ಹೆಣ್ಣುಮಕ್ಕಳಿಗೆ ಮೈನೆರೆಯುವ ಮೊದಲೇ ಬಿಲ್ವದ ಕಾಯಿಯೊಂದಿಗೆ ಮದುವೆ ಮಾಡುತ್ತಾರೆ. ಇಹಿ ಎನ್ನುತ್ತಾರೆ. ಆ ಮದುವೆ ದೇವರ ಜೊತೆ ಆದದ್ದು, ಆದ್ದರಿಂದ ಮುಂದೆ ಗಂಡ ತೀರಿಕೊಂಡರೂ ಅವಳು ವಿಧವೆಯಲ್ಲ ಎಂಬುದು ಅವರ ನಂಬಿಕೆ. ವಯಸ್ಸಾದವರಿಗೆ 77 ವರ್ಷ, 7 ತಿಂಗಳು, 7 ದಿನ ತುಂಬಿದಾಗ ಜಂಕು ಎಂಬ ಶಾಂತಿ ಮಾಡಿ, ರಥದಲ್ಲಿ ಕೂರಿಸಿ ಮಕ್ಕಳು ಮೊಮ್ಮಕ್ಕಳು ಎಳೆಯುತ್ತಾರೆ. ಇದಕ್ಕೆ ಅವರೂ ಭೀಮರಥ ಎಂದೇ ಅನ್ನುತ್ತಾರೆ. ನಮ್ಮಲ್ಲಿ 70ಕ್ಕೆ ಭೀಮರಥ ಶಾಂತಿ ಮಾಡುತ್ತೇವಲ್ಲ, ಅದೇ ಹೆಸರು! ಇದನ್ನೆಲ್ಲ ಅಜ್ಜಿ ಹೇಳುವುದು, ಮೊಮ್ಮಗಳು ನನಗೆ ತಿಳಿಸುವುದು. ಈಗ ಅವಳು ನನ್ನ ಮುಖ ನೋಡಿ ಅನುಮತಿ ಕೇಳುತ್ತಿರಲಿಲ್ಲ.

ಶಾಲೆಯ ನಿಯಮ ಬದಲಾಯಿತೇ ಎಂದು ಕೇಳುತ್ತೀರಿ. ಇಲ್ಲ. ಪ್ರಿನ್ಸಿಪಾಲರ ಹತ್ತಿರ ಹೋಗಿ ಹೇಳಿದೆ. "ಪೋಷಕರೇ ಕೇಳುತ್ತಾರೆ, ಮೇಡಂ" ಎಂದರು. ಅದು ಸುಳ್ಳೂ ಅಲ್ಲ. ನನ್ನ ಕೈಲಾದದ್ದು ಇಷ್ಟೇ: ನನ್ನ ಕ್ಲಾಸಿನಲ್ಲಿ ಡಬ್ಬಿ ಎತ್ತಿಟ್ಟೆ, ನೋಟ್‌ಬುಕ್ ನೋಡಿ ಆ ವರ್ಷದ ದಂಡವನ್ನು ಒಬ್ಬೊಬ್ಬರಿಗೂ ವಾಪಸ್ ಕೊಟ್ಟೆ. ಈ ಹುಡುಗಿಯ ಲೆಕ್ಕ ನಲವತ್ತೈದು ರೂಪಾಯಿ. ಎಣಿಸಿಕೊಂಡು ಐದು ರೂಪಾಯಿ ನನಗೇ ತಿರುಗಿ ಕೊಟ್ಟಳು. "ಯಾಕಮ್ಮ?" ಎಂದರೆ, "ಒಂದು ಸಲ ನಾನು ಬೈದಿದ್ದೆ ಮಿಸ್. ಅದಕ್ಕೆ ದಂಡ ಸರಿ" ಎಂದಳು!

2015ರ ಏಪ್ರಿಲ್ 25ರ ಭೂಕಂಪದ ಹೊತ್ತಿಗೆ ನಾವು ಪುಣೆಗೆ ಬಂದು ನೆಲೆಸಿದ್ದೆವು. ಪಾಟನ್ ಚೌಕದ ಎರಡು ಗುಡಿಗಳು ನೆಲಸಮವಾದದ್ದನ್ನು ಟಿವಿಯಲ್ಲಿ ನೋಡಿದೆ. ಊರಿನವರೇ ಮುಂದೆ ಬಂದು ಕೆತ್ತನೆಯ ಕಂಬ, ತೊಲೆಗಳನ್ನು ಆರಿಸಿ ಜೋಪಾನ ಮಾಡಿದರು. ಆ ಅಜ್ಜಿಯ ಮನೆಯವರೆಲ್ಲ ಕ್ಷೇಮ ಎಂದು ಹಳೆಯ ಸಹೋದ್ಯೋಗಿಯೊಬ್ಬರು ತಿಳಿಸಿದ ಮೇಲೆಯೇ ನನಗೆ ಅನ್ನ ಇಳಿದದ್ದು. ಬಿದ್ದ ಗುಡಿಯನ್ನು ಮತ್ತೆ ಕಟ್ಟಲು ಕೆತ್ತುವ ಕೈ ಬೇಕು. ಕೆತ್ತುವುದನ್ನು ಅಜ್ಜನಿಂದ ಮೊಮ್ಮಗ ಕಲಿಯಲು ಇಬ್ಬರಿಗೂ ಒಂದೇ ಮಾತು ಬರಬೇಕಲ್ಲ?

ನಾವಿಲ್ಲಿ ಊರಿನಿಂದ ನೆಂಟರು ಬಂದರೆ ಕೇಳ್ಕರ್ ಮ್ಯೂಸಿಯಂ ತೋರಿಸುತ್ತೇವೆ. ಹಳೆಯ ಅಡಕೊತ್ತು, ದೀಪ, ಪಾತ್ರೆ ನೋಡಿ "ನಮ್ಮ ಅಜ್ಜಿ ಮನೆಯಲ್ಲೂ ಇತ್ತು" ಎನ್ನುತ್ತೇವೆ. ಅಜ್ಜಿ ಇನ್ನೂ ಫೋನಿನ ಆ ಕಡೆ ಇದ್ದಾಳೆ, ಅದನ್ನು ಮರೆಯುತ್ತೇವೆ.

ದೊಡ್ಡ ಉಪಾಯವೇನೂ ನನ್ನ ಹತ್ತಿರವಿಲ್ಲ. ನಾನು ಮಾಡಿದ್ದು ಒಂದೇ. ಅವ್ವನ ಫೋನ್ ಬಂದಾಗ ಮಗನ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಮೊದಲ ತಿಂಗಳು ಇಬ್ಬರೂ ಒದ್ದಾಡಿದರು. "ಅಜ್ಜಿ, ಊಟ ಆಯಿತಾ?" ಎಂಬುದರ ಮುಂದೆ ಮಾತೇ ಹೋಗುತ್ತಿರಲಿಲ್ಲ. ಆರು ತಿಂಗಳಿಗೆ ಅವನು ಧಾರವಾಡದ ಕನ್ನಡದಲ್ಲಿ ಜಗಳ ಆಡತೊಡಗಿದ. ಈಗ ಕಾಲೇಜು ಮುಗಿಸಿದ್ದಾನೆ. ಓದುವುದು ತಡವರಿಸುತ್ತದೆ, ಬರೆಯುವುದು ಅಷ್ಟಕ್ಕಷ್ಟೆ. ಆದರೆ ಅವ್ವ ಕೊನೆಯ ಸಲ ಆಸ್ಪತ್ರೆಯಲ್ಲಿದ್ದಾಗ ಪಕ್ಕದಲ್ಲಿ ಕೂತು ಮಾತಾಡಿಸಿದವನು ಅವನು. ಅವರಿಬ್ಬರ ನಡುವೆ ಅವತ್ತು ನಾನು ಬೇಕಾಗಿರಲಿಲ್ಲ.

ನೀವೂ ಈ ವಾರ ಒಂದು ಸಲ ಫೋನ್ ಕೊಟ್ಟು ಅಡುಗೆಮನೆಗೆ ಹೋಗಿ ನೋಡಿ. ಸಾಂಬಾರಿಗೆ ಒಗ್ಗರಣೆ ಹಾಕುತ್ತಾ ಬೇಕಾದರೆ ಕದ್ದು ಕೇಳಿಸಿಕೊಳ್ಳಿ, ತಪ್ಪಿಲ್ಲ.